ಗುಂಡಕ್ಷರ

ನನ್ನ ಅಕ್ಷರ ಗುಂಡಗಿದೆಯೆಂದು
ಬೋರ್ಡು ನನ್ನ ಕೈಲೇ ಬರೆಸಿದರು.
ನೀಲಿ ತಗಡು, ಬಿಳಿ ಬಣ್ಣ, ಅರ್ಧ ಇಂಚಿನ ಬ್ರಷ್ಷು:
‘ಕೆಲಸದ ಜಾಗದಲ್ಲಿ ರಾಜಕೀಯ ಮಾತಾಡಬಾರದು.’
ಜಾಗ ಸಾಲದೆ ‘ಬಾರದು’ ಮಾತ್ರ ಕೆಳಗಿನ ಸಾಲಿಗಿಳಿದು
ಕಾಲು ಮುದುಡಿ ಕೂತಿತು.

ಸುಳ್ಳು ಹೇಳಲಾರೆ, ಆವತ್ತು ನನಗೂ ಸರಿಯೆನಿಸಿತ್ತು.
ಹೋದ ಎಲೆಕ್ಷನ್ನಿನಲ್ಲಿ ನೌಷಾದನೂ ಅಂಜಿನಪ್ಪನೂ
ನಿಮ್ಮ ಪಾರ್ಟಿ ನಮ್ಮ ಪಾರ್ಟಿ ಎಂದು
ಕೊರಳಪಟ್ಟಿ ಹಿಡಿದು ನಿಂತ ಹೊತ್ತಿಗೆ
ಹನ್ನೆರಡು ಕೇಜಿ ಗೂಡು ಬೆಂದು ಅಂಬಲಿಯಾಗಿತ್ತು,
ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ಅವತ್ತೇ ಬೆಳಿಗ್ಗೆ
ಜಿದ್ದಿಗೆ ಬಿದ್ದು ಹರಾಜಿನಲ್ಲಿ ಹಿಡಿದ ಗೂಡು.
ಆಮೇಲೆ ತಿಂಗಳುಗಟ್ಟಲೆ ಇಬ್ಬರೂ
ಒಬ್ಬರ ಹತ್ತಿರ ಒಬ್ಬರು ಬೀಡಿಗೆ ಬೆಂಕಿ ಕೇಳಲಿಲ್ಲ.

ಬೋರ್ಡು ಮೊಳೆ ಹತ್ತಿದ ಮೂರನೇ ದಿನ
ಪಿಳ್ಳಮುನಿಯಮ್ಮ ಬಾಗಿಲಲ್ಲಿ ಕತ್ತೆತ್ತಿ ನಿಂತಳು.
‘ಏನಂತ ಬರ್ದಿದ್ದೀಯ ಸಾಮಿ ಅದರಾಗೆ?’
ಇಪ್ಪತ್ತೆರಡು ವರ್ಷ ಕುದಿನೀರಿನಲ್ಲಿ
ಎಳೆಯ ತುದಿ ಹುಡುಕಿದ ಬೆರಳು ಸೊಂಟದ ಮೇಲೆ.
ಯಾಕೋ, ಬಾಯಿಗೆ ಬಂದದ್ದು ಬೇರೆ:
‘ಚಪ್ಪಲಿ ಹೊರಗೆ ಬಿಡಿ ಅಂತ.’
ನಕ್ಕಳು. ಬಿಟ್ಟಳು.
ಅಂದಿನಿಂದ ಬರಿಗಾಲಲ್ಲೇ ನಿಂತಳು,
ಬೇಸಿನ್ನಿನಿಂದ ತುಳುಕಿದ ನೀರಲ್ಲಿ, ಬೆಂದ ಹುಳದ ನಾತದಲ್ಲಿ.
ಮೆಟ್ಟಿಕೋ ಎನ್ನಲು ನನಗೆ ಬಾಯಿ ಎಲ್ಲಿತ್ತು?

ಮಾರ್ಚ್ ತಿಂಗಳು ಅಭ್ಯರ್ಥಿ ಬಂದರು.
ಮಾಲೀಕರೇ ಮುಂದೆ ನಿಂತು ಚರಕ ನಿಲ್ಲಿಸಿಸಿದರು.
ಅರ್ಧ ಗಂಟೆ ಮೈಸೂರುಪಾಕು, ಶಾಲು, ಭಾಷಣ.
ತೆಗೆದಿಟ್ಟ ಹಾರಕ್ಕೆ ಬೇರೆ ಮೊಳೆ ಸಿಗದೆ
ಬೋರ್ಡಿನ ಮೊಳೆಗೇ ತೂಗುಹಾಕಿದರು.
ಚೆಂಡುಹೂವಿನಡಿ ಕೆಳಗಿನ ಸಾಲು ಮುಚ್ಚಿಹೋಯಿತು,
‘ರಾಜಕೀಯ ಮಾತಾಡ’ ಎಂಬಷ್ಟೇ ಹೊರಗುಳಿಯಿತು.
ಇದಕ್ಕೇನನ್ನಬೇಕು ಎಂದು ಕೇಳಿದ್ದರೆ
ಮರ್ಯಾದೆ ಅನ್ನುತ್ತಿದ್ದರು. ಯಾರೂ ಕೇಳಲಿಲ್ಲ.
ನಾನೂ ಎರಡು ತುಂಡು ತಿಂದೆ.

ಲೆಕ್ಕ ಬರೆಯುವವನಿಗೆ ಇಷ್ಟು ಗೊತ್ತು:
ಚೀನಾ ರೇಷ್ಮೆ ಬಂದು ನಮ್ಮ ನೂಲಿನ ರೇಟು ಬಿದ್ದರೆ
ಅದು ಮಾರ್ಕೆಟ್ಟು.
ರೇಟು ಬಿತ್ತೆಂದು ಕೂಲಿ ಹಿಡಿದರೆ ಅದು ಕಷ್ಟಸುಖ.
ಎದ್ದಾಗ ಯಾಕೆ ಏರಲಿಲ್ಲ ಎಂದರೆ ಮಾತ್ರ
ಅದು ರಾಜಕೀಯ.

ಚಾ ಹೊತ್ತಿನಲ್ಲಿ ಅವಳೊಂದು ಹಾಳೆ ತಂದಳು.
ಸಂಘದವರು ಬರೆದುಕೊಟ್ಟದ್ದು: ದಿನಗೂಲಿ,
ಸುಟ್ಟ ಕೈಗೆ ಔಷಧಿ ಖರ್ಚು,
ಸೋಮವಾರ ತಾಲೂಕು ಕಚೇರಿ ಮುಂದೆ.
ನಸೀಮುನ್ನೀಸಾ ಹೆಬ್ಬೆಟ್ಟು ಒತ್ತಿದಳು,
ಗಂಗುಲಪ್ಪನ ಸೊಸೆ ಒತ್ತಿದಳು,
ಅಂಜಿನಪ್ಪ ಒತ್ತಿ, ಇಂಕಿನ ಡಬ್ಬಿ ನೌಷಾದನ ಕಡೆ ತಳ್ಳಿದ.
ಒತ್ತಿದಲ್ಲೆಲ್ಲ ನುಣ್ಣನೆಯ ನೀಲಿ ಕಲೆ, ಗೆರೆಯೇ ಇಲ್ಲ.
ರೇಷನ್ ಅಂಗಡಿಯ ಯಂತ್ರವೂ
ಇವರನ್ನು ಯಾರೆಂದು ಹಿಡಿಯುವುದಿಲ್ಲ.
‘ಇದು ಯಾರ ಹೆಬ್ಬೆಟ್ಟು ಅಂತ ಸಾಹೇಬರು ಕೇಳಿದರೆ?’
‘ಕೇಳ್ಲಿ ಬಿಡು. ಕೈ ತೋರುಸ್ತೀವಿ.’

ಹಾಳೆ ಮಾಲೀಕರ ಕೈಗೆ ಹೋದದ್ದು ಹೇಗೋ.
‘ಬೋರ್ಡು ಕಾಣಲ್ವಾ? ಓದಕ್ಕೆ ಬರಲ್ವಾ?’
ಚರಕಗಳ ಸದ್ದು ತಾನಾಗಿ ನಿಂತಿತು.
ಬಾಡಿದ ಹಾರ ಇನ್ನೂ ಮೊಳೆಯಲ್ಲೇ ಇತ್ತು.
ಅವಳು ಬೋರ್ಡು ನೋಡಲಿಲ್ಲ, ನನ್ನನ್ನು ನೋಡಿದಳು,
ಆಮೇಲೆ ಬಾಗಿಲಾಚೆಯ ತನ್ನ ಚಪ್ಪಲಿಯನ್ನು.
‘ಓದ್ಸಿಕೊಂಡಿದ್ದೆ ಸಾಮಿ’ ಎಂದಳು.
ಯಾರ ಹತ್ತಿರ ಎಂದು ಅವರು ಕೇಳಲಿಲ್ಲ.
ನಾನು ಹೇಳಲಿಲ್ಲ.

ಸಂಜೆ ಲೆಡ್ಜರಿನಲ್ಲಿ ಬರೆದೆ:
ಪಿಳ್ಳಮುನಿಯಮ್ಮ, ಮೂರು ದಿನದ ಕೂಲಿ ವಜಾ.
ಅದೇ ಕೈ. ಗುಂಡಗೆ.

ಹೊರಗೆ ಬಂದರೆ ಅವಳು ಚಪ್ಪಲಿ ಮೆಟ್ಟುತ್ತಿದ್ದಳು.
‘ಸೋಮವಾರ ಬಾ. ಅರ್ಜಿ ಓದೋರು ಒಬ್ರು ಬೇಕು’ ಅಂದಳು.
ಎರಡು ಹೆಜ್ಜೆ ಹೋಗಿ ತಿರುಗಿದಳು:
‘ಬರ್ದಿರೋದನ್ನೇ ಓದೋರು.’